ಮುರಿಗೆಪ್ಪನ ಬಾಂಬಿನ ಖೋಲಿ

ಬಾದಾಮಿಗೆ ಗುಹೆಗಳಿವೆ, ಐಹೊಳೆಗೆ ಗುಡಿಗಳಿವೆ, ಇಳಕಲ್ಲಿಗೆ ಏನಿದೆ ಎಂಬ ಪ್ರಶ್ನೆ ಇಡೀ ಇಳಕಲ್ಲಿನಲ್ಲಿ ಸಂತೋಷಕುಮಾರ ಒಬ್ಬರನ್ನೇ ಕಾಡುತ್ತಿತ್ತು. ಉಳಿದ ಜನ ಸೀರೆ ನೇಯುವುದರಲ್ಲಿ, ಕಲ್ಲು ಕೊರೆಯುವುದರಲ್ಲಿ, ಬಸ್ಸು ಹಿಡಿಯುವುದರಲ್ಲಿ ಮುಳುಗಿದ್ದರು. ಸಂತೋಷಕುಮಾರರಿಗೆ ಊರ ಹೊರಗೆ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಿತ್ತು, ಹಳೆ ಪೇಟೆಯಲ್ಲಿ ಮುತ್ಯಾ, ಅಂದರೆ ಅಜ್ಜ, ಕಟ್ಟಿಸಿದ ವಾಡೆಯ ಮನೆಯಿತ್ತು, ಮುಖದ ಮೇಲೆ ಸದಾ ಯಾವುದೋ ಉದ್ಘಾಟನೆಗೆ ಹೊರಟವರ ಕಳೆಯಿತ್ತು. ಪ್ರವಾಸಿಗರು ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಚಹಾ ಕುಡಿದು, ಐಹೊಳೆಯ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳುವುದನ್ನು ಅವರು ಸ್ವಂತ ಅವಮಾನವೆಂದೇ ತಿಳಿದಿದ್ದರು.

“ಇತಿಹಾಸ ಅಂದ್ರ ಬರೇ ಚಾಲುಕ್ಯರ ಮನಿ ಆಸ್ತಿ ಏನು? ನಮಗೇನು ಮುತ್ಯಾ ಇದ್ದಿದ್ದಿಲ್ಲೇನು?” ಎಂದು ಊಟಕ್ಕೆ ಕುಳಿತಾಗ ಕೇಳುತ್ತಿದ್ದರು.

ಮುತ್ಯಾ ಇದ್ದ. ಹೆಸರು ಮುರಿಗೆಪ್ಪ. ಎರಡನೇ ಮಹಾಯುದ್ಧದ ಹೊತ್ತಿಗೆ ಸೀರೆಯ ವ್ಯಾಪಾರಕ್ಕೆಂದು ಮುಂಬಯಿಗೆ ಹೋಗಿದ್ದವನು. ಅಲ್ಲಿ ಒಂದು ಸಂಜೆ ಸೈರನ್ ಕೂಗಿತು, ದೀಪಗಳೆಲ್ಲ ಆರಿದವು, ಜನ ಮರಳಿನ ಚೀಲಗಳ ಹಿಂದಕ್ಕೆ ಓಡಿದರು. ವಿಮಾನ ಬರಲಿಲ್ಲ, ಅದು ಬರೀ ತಾಲೀಮು. ಮುರಿಗೆಪ್ಪನಿಗೆ ಅಷ್ಟೇ ಸಾಕಾಯಿತು. ಮಾರದ ಸೀರೆಗಳನ್ನು ಅಲ್ಲೇ ಬಿಟ್ಟು ರೈಲು ಹತ್ತಿ, ಬಾದಾಮಿ ಸ್ಟೇಶನ್ನಿನಲ್ಲಿ ಇಳಿದು, ಎತ್ತಿನ ಚಕ್ಕಡಿ ಮಾಡಿಕೊಂಡು ಮನೆ ಸೇರಿದವನೇ ಹಿತ್ತಲಲ್ಲಿ ನೆಲ ಅಗೆಸಲು ಹಚ್ಚಿದ. ಜಪಾನಿನವರು ರಂಗೂನ್ ಮುಗಿಸಿಕೊಂಡು ನೆಟ್ಟಗೆ ಇಳಕಲ್ಲಿಗೇ ಬರುತ್ತಾರೆಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಕೆಂಪು ಕಲ್ಲಿನ ಗೋಡೆ, ಕಲ್ಲಿನ ಚಪ್ಪಡಿಯ ಮಾಡು, ಮೇಲಕ್ಕೆ ಒಂದು ಗಾಳಿಯ ಕೊಳವೆ, ಒಳಗಿನಿಂದ ಮಾತ್ರ ಹಾಕಲು ಬರುವ ಅಗಳಿಯಿದ್ದ ಕಬ್ಬಿಣದ ಬಾಗಿಲು. ಹೊರಗಡೆ ಹಿಡಿದು ಎಳೆಯಲು ಒಂದು ಹಿಡಿಕೆಯನ್ನೂ ಅವನು ಇಡಿಸಲಿಲ್ಲ.

ಯುದ್ಧ ಮುಗಿಯಿತು. ಜಪಾನಿನವರಿಗೆ ಇಳಕಲ್ಲಿನ ವಿಳಾಸ ಸಿಗಲಿಲ್ಲ. ಮುಂದೆ ಆ ನೆಲದಡಿಯ ಕೋಣೆಯಲ್ಲಿ ಉಳ್ಳಾಗಡ್ಡಿ ಇಟ್ಟರು, ಮುರಿದ ತೊಟ್ಟಿಲು ಇಟ್ಟರು, ಯಾರೂ ಓದದ ಅಭಿನಂದನ ಗ್ರಂಥಗಳನ್ನು ಇಟ್ಟರು. ಓಣಿಯವರು ಅದಕ್ಕೆ ‘ಬಾಂಬಿನ ಖೋಲಿ’ ಎಂದು ಹೆಸರಿಟ್ಟು, ಊಟ ಮಾಡದ ಮಕ್ಕಳನ್ನು ಹೆದರಿಸಲು ಬಳಸಿಕೊಂಡರು.

ಸಂತೋಷಕುಮಾರ ಅದನ್ನು ತೊಳೆಸಿದರು, ಬಣ್ಣ ಹೊಡೆಸಿದರು, ಬೆಂಚು ಹಾಕಿಸಿದರು. ನಿವೃತ್ತ ಇತಿಹಾಸ ಉಪನ್ಯಾಸಕ ಸಂಗಯ್ಯನವರನ್ನು ಕರೆಸಿ ಫಲಕದ ಒಕ್ಕಣೆ ಬರೆಸಿದರು. ಸಂಗಯ್ಯನವರು ಯಾವ ಊರಿಗೂ ಇಲ್ಲವೆನ್ನದೆ ಇತಿಹಾಸ ಬರೆದುಕೊಟ್ಟವರು. ಸಂತೋಷಕುಮಾರರ ಕಾರ್ಖಾನೆಯಲ್ಲೇ ಕೆಂಪು ಗ್ರಾನೈಟಿನ ಮೇಲೆ ಅದನ್ನು ಕೆತ್ತಲಾಯಿತು: ‘ಮಹಾಯುದ್ಧದ ಕಾಲದಲ್ಲಿ ಶ್ರೀ ಮುರಿಗೆಪ್ಪನವರು ಇಡೀ ಓಣಿಯ ಬಡ ನೇಕಾರರ ಪ್ರಾಣರಕ್ಷಣೆಗಾಗಿ ನಿರ್ಮಿಸಿದ ವಾಯುದಾಳಿ ಆಶ್ರಯತಾಣ. ಈ ಭಾಗದಲ್ಲಿಯೇ ಪ್ರಥಮ.’

ಆ ಫಲಕವನ್ನು ನಿಲ್ಲಿಸಿದ ದಿನ ಎದುರು ಮನೆಯ ಗುಲಾಬಬಿ ಬಂದು ನಿಂತಳು. ಮಗ್ಗದ ಮುಂದೆ ಕುಳಿತೇ ಮುದುಕಿಯಾದವಳು. ಅಕ್ಷರ ಬಾರದ ಅವಳಿಗೆ ಸಂತೋಷಕುಮಾರರ ಹೆಂಡತಿ ಮಹೇಶ್ವರಿ ಫಲಕ ಓದಿ ಹೇಳಿದಳು. ಗುಲಾಬಬಿ ನಗಲು ಶುರು ಮಾಡಿದವಳು ಕಟ್ಟೆ ಹಿಡಿದು ಕುಳಿತುಬಿಟ್ಟಳು.

“ಅಕ್ಕಾರ, ಈ ತೆಗ್ಗು ತೋಡಿದವರೊಳಗ ನಮ್ಮ ಮಾವನೂ ಒಬ್ಬ ಇದ್ದನ್ರಿ. ಆಗ ನೂಲು ಸಿಗತಿದ್ದಿಲ್ಲ, ಮಗ್ಗ ಬಂದ್ ಬಿದ್ದಿದ್ದೂ. ಕೂಲಿಗಿ ಬಂದಿದ್ದ. ಎಲ್ಲಾ ಮುಗದ ಮ್ಯಾಲ ಕೇಳಿದ್ನಂತ, ‘ಸಾವ್ಕಾರ್ರ, ಇಮಾನ ಬಂದ್ರ ನಾವೂ ಇದರಾಗ ಬರಬೇಕೇನ್ರಿ?’ ಅಂತ.”

“ಏನಂದ್ರಂತ?”

“‘ಜಪಾನದವ ಅಷ್ಟು ದೂರಿಂದ ಎಣ್ಣಿ ಸುಟಗೊಂಡು ಬಂದು ನಿನ್ನ ಮ್ಯಾಲ ಬಾಂಬ್ ಹಾಕ್ತಾನೇನಲೇ?’ ಅಂದ್ರಂತ.”

ಮಹೇಶ್ವರಿಗೂ ನಗು ಬಂತು. ಅವಳು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. ಮೈದಾನದ ಈ ತುದಿಯಲ್ಲಿ ನಿಂತು ಆ ತುದಿಯ ಹುಡುಗಿಗೆ ಜಡೆ ಕಟ್ಟಿಕೊಳ್ಳಲು ಹೇಳಬಲ್ಲ ಧ್ವನಿ ಅವಳದು. ಅವಳು ತರಬೇತಿ ಕೊಟ್ಟ ಖೋಖೋ ತಂಡ ಬಾಗಲಕೋಟೆಯಿಂದ ಮೂರು ಸಲ ಕಪ್ ಗೆದ್ದು ತಂದಿತ್ತು. ಅಷ್ಟೂ ಕಪ್‌ಗಳ ಮುಂದೆ ನಿಂತು ಸಂತೋಷಕುಮಾರ ಫೋಟೋ ತೆಗೆಸಿಕೊಂಡಿದ್ದರು. ಮನೆಯಲ್ಲಿ ಸಿಲಿಂಡರ್ ಎತ್ತುವುದರಿಂದ ಹಿಡಿದು ಮಾವನವರ ಕೊನೆಗಾಲದ ದವಾಖಾನೆಯ ಓಡಾಟದವರೆಗೆ ಎಲ್ಲ ಅವಳ ಪಾಲಿಗೆ ಬಂದಿತ್ತು. ಆಕೆ ಗಟ್ಟಿ ಎಂಬುದು ಅದಕ್ಕೆ ಮನೆಯವರು ಕೊಟ್ಟ ಕಾರಣ.

ಗುಲಾಬಬಿಯ ಮಾತನ್ನು ಅವಳು ಗಂಡನಿಗೆ ತಿಳಿಸಿದಳು. ಸಂತೋಷಕುಮಾರರಿಗೆ ಬೇಸರವೇನೂ ಆಗಲಿಲ್ಲ.

“ಅದು ಜಾನಪದ. ಬಾಯಾಗ ಇದ್ದದ್ದು ಜಾನಪದ, ಕಲ್ಲಿನ ಮ್ಯಾಲ ಇದ್ದದ್ದು ಇತಿಹಾಸ. ಸಂಗಯ್ಯ ಸರ್‌ನ್ನ ಬೇಕಾದ್ರ ಕೇಳು.”

ಉದ್ಘಾಟನೆಗೆ ಮೇ ತಿಂಗಳ ಒಂದು ರವಿವಾರ ಗೊತ್ತಾಯಿತು. ಅದೇ ವಾರ ಗಡಿಯಲ್ಲಿ ಗದ್ದಲ ಶುರುವಾಯಿತು. ಗಡಿಯಲ್ಲಿ ನಿಜವಾಗಿ ಏನು ನಡೆದಿತ್ತೋ ಅಲ್ಲಿದ್ದವರಿಗೆ ಗೊತ್ತು. ಟಿವಿಯಲ್ಲಿ ಮಾತ್ರ ಸೋಮವಾರ ಶುರುವಾದ ಯುದ್ಧವನ್ನು ಬುಧವಾರವೇ ಗೆದ್ದು, ಗುರುವಾರ ಮತ್ತೆ ಮೊದಲಿನಿಂದ ಗೆಲ್ಲುತ್ತಿದ್ದರು. ಊರೂರಿನಲ್ಲಿ ಅಣಕು ಕಾರ್ಯಾಚರಣೆಯ ಮಾತು ಎದ್ದಿತ್ತು. ಸೈನಿಕರ ಮನೆಯವರು ಫೋನು ಕೈಯಲ್ಲಿ ಹಿಡಿದು ಕುಳಿತಿದ್ದ ಹೊತ್ತಿನಲ್ಲಿ ಸಂತೋಷಕುಮಾರ ಅಂಗೈ ಉಜ್ಜಿಕೊಂಡು, “ಟೈಮಿಂಗ್ ಭಾಳ ಛಲೋ ಕೂಡಿಬಂತು” ಎಂದರು.

ಮುಖ್ಯ ಅತಿಥಿ ಹುಲ್ಲಪ್ಪ, ಒಂದು ಕಾಲದಲ್ಲಿ ಊರಿನ ಅಧ್ಯಕ್ಷಗಿರಿ ಮಾಡಿ, ಅದು ಹೋದ ಮೇಲೂ ‘ಅಧ್ಯಕ್ಷರೇ’ ಎಂದು ಕರೆದರೆ ಮಾತ್ರ ತಿರುಗಿ ನೋಡುವ ಮನುಷ್ಯ. ಹಗಲೆಲ್ಲ ಟಿವಿ ನೋಡಿ, ಅದನ್ನು ಸಂಜೆ ಕಟ್ಟೆಯ ಮೇಲೆ ತಾನೇ ಗಡಿಯಿಂದ ಬಂದವನಂತೆ ವಿವರಿಸುತ್ತಿದ್ದ. ರವಿವಾರ ವಾಡೆಗೆ ಬಂದಾಗಲೂ ಅವನ ಕಣ್ಣು ಫೋನಿನ ಮೇಲೆಯೇ ಇತ್ತು. ‘ಇಂದು ಮಧ್ಯಾಹ್ನ ಆಲಮಟ್ಟಿ ಡ್ಯಾಮ್ ಮೇಲೆ ವಿಮಾನ ದಾಳಿ, ಎಲ್ಲರಿಗೂ ತಿಳಿಸಿ’ ಎಂಬ ಸಂದೇಶವನ್ನು ಯಾರೋ ಕಳಿಸಿದ್ದರು. ಹುಲ್ಲಪ್ಪ ಅದನ್ನು ಓದಿ ಮುಗಿಸುವ ಮೊದಲೇ ಎಲ್ಲರಿಗೂ ತಿಳಿಸಿಬಿಟ್ಟ.

ಕಾರ್ಯಕ್ರಮದ ಏರ್ಪಾಡು ಹೀಗಿತ್ತು. ಮೈಕಿನ ನವೀದ ವಾಡೆಯ ಮಾಳಿಗೆಯ ಮೇಲೆ ನಾಲ್ಕು ದಿಕ್ಕಿಗೂ ನಾಲ್ಕು ಹಾರ್ನ್ ಕಟ್ಟಿದ್ದ. ಅವುಗಳಿಂದ ಒಂದು ಸಲ ಸೈರನ್ ಕೂಗಿಸಬೇಕು. ಗಣ್ಯರು ಶಿಸ್ತಾಗಿ ನೆಲದೊಳಗೆ ಇಳಿದು ಬಾಗಿಲು ಹಾಕಿಕೊಳ್ಳಬೇಕು. ಸಂಗಯ್ಯನವರು ಒಳಗಿನಿಂದಲೇ ಮೈಕಿನಲ್ಲಿ ಉಪನ್ಯಾಸ ಕೊಡಬೇಕು, ಜಾಗ ಸಾಲದೆ ಹೊರಗೆ ಉಳಿದ ಜನ ಅದನ್ನು ಹಾರ್ನಿನಲ್ಲಿ ಕೇಳಬೇಕು. ಮೈಕಿನ ವೈರನ್ನು ಗಾಳಿಯ ಕೊಳವೆಯೊಳಗಿಂದ ಕೆಳಗೆ ಇಳಿಬಿಟ್ಟಿದ್ದರು. ಆಮೇಲೆ ಎಲ್ಲರೂ ಹೊರಗೆ ಬಂದು ಊಟ.

“ಹೆಣ್ಮಕ್ಕಳು?” ಎಂದು ಮಹೇಶ್ವರಿ ಕೇಳಿದ್ದಳು.

“ಮೊದಲ ಗಣ್ಯರು. ಹೆಣ್ಮಕ್ಕಳಿಗಿ ಎರಡನೇ ಪಂಕ್ತಿ,” ಎಂದಿದ್ದರು ಸಂತೋಷಕುಮಾರ. “ಹಂಗೂ ನೀ ಅಡಗಿ ಕಡೆ ನಿಂದರಬೇಕಲಾ.”

ಸೈರನ್ ಕೂಗಿತು. ಓಣಿಯ ನಾಯಿಗಳು ಜೊತೆಗೂಡಿದವು. ಹೂಮಾಲೆ ಹಾಕಿಕೊಂಡ ಗಣ್ಯರು ಒಬ್ಬರ ಹಿಂದೆ ಒಬ್ಬರು ಮೆಟ್ಟಿಲು ಇಳಿದರು. ‘ನೀವು ಮೊದಲು, ನೀವು ಮೊದಲು’ ಎಂದು ಬಾಗಿಲಲ್ಲಿ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುವುದರಲ್ಲೇ ಸಾಕಷ್ಟು ಹೊತ್ತು ಹೋಯಿತು. ನಿಜವಾದ ವಿಮಾನವಾಗಿದ್ದರೆ ಬಂದು ಕೆಲಸ ಮುಗಿಸಿ ಊಟಕ್ಕೆ ಹೋಗಿರುತ್ತಿತ್ತು. ಕಡೆಗೆ ಬಾಗಿಲು ಮುಚ್ಚಿತು, ಅಗಳಿ ಬಿತ್ತು. ಸಂಗಯ್ಯನವರು ಕೆಮ್ಮಿ ಗಂಟಲು ಸರಿಪಡಿಸಿಕೊಂಡು, “ಮಾನವಕುಲದ ಇತಿಹಾಸದಲ್ಲಿ…” ಎಂದರು.

ಅಷ್ಟಕ್ಕೇ ಕರೆಂಟು ಹೋಯಿತು. ಒಳಗಿದ್ದ ಒಂದೇ ಬಲ್ಬು ಆರಿತು. ಮರುಕ್ಷಣ ನೆಲ ‘ಧಡ್’ ಎಂದು ನಡುಗಿತು.

ಊರಾಚೆಯ ಕಲ್ಲಿನ ಕ್ವಾರಿಯಲ್ಲಿ ಬಂಡೆ ಒಡೆಯಲು ಮದ್ದು ಹಾರಿಸಿದ್ದರು. ಮೇಲಿದ್ದವರು ತಲೆಯೆತ್ತಿ ಕೂಡ ನೋಡಲಿಲ್ಲ, ಇಳಕಲ್ಲಿನಲ್ಲಿ ಅದು ದಿನದ ಸದ್ದು. ನೆಲದೊಳಗೆ, ಫೋನಿಗೆ ಸಿಗ್ನಲ್ಲೂ ಇಲ್ಲದ ಕತ್ತಲಲ್ಲಿ, ಅದು ಬೇರೆಯೇ ಕೇಳಿಸಿತು. ಚಪ್ಪಡಿಯ ಸಂದಿನಿಂದ ಮಣ್ಣು ಉದುರಿ ಹುಲ್ಲಪ್ಪನ ಬೋಳುತಲೆಯ ಮೇಲೆ ಬಿತ್ತು. ಅದೇ ಹೊತ್ತಿಗೆ ನವೀದನ ಪೆನ್‌ಡ್ರೈವಿನಲ್ಲಿದ್ದ ಸೈರನ್, ಯಾರೂ ಹೇಳದಿದ್ದರೂ, ಮತ್ತೆ ಮೊದಲಿನಿಂದ ಶುರುವಾಯಿತು. ಅವನ ಸಾಮಾನೆಲ್ಲ ಬ್ಯಾಟರಿಯ ಮೇಲೆ ನಡೆಯುತ್ತಿದ್ದುದರಿಂದ ಅದಕ್ಕೆ ಕರೆಂಟಿನ ಹಂಗಿರಲಿಲ್ಲ. ಅದನ್ನು ನಿಲ್ಲಿಸಲು ಹೋಗಿ ಅವನು ಸದ್ದು ಇನ್ನೂ ಏರಿಸಿದ. ಕಡೆಗೆ ಪೆನ್‌ಡ್ರೈವನ್ನೇ ಕಿತ್ತು ತೆಗೆದ.

ಸೈರನ್ ನಿಂತಿತು. ಮೈಕು ಚಾಲೂ ಇತ್ತು. ಹಾರ್ನುಗಳಿಂದ ಇಡೀ ಪೇಟೆಗೆ ಕೇಳಿಬಂದದ್ದು ಹುಲ್ಲಪ್ಪನ ಧ್ವನಿ:

“ಯಪ್ಪಾ ಬೀರಪ್ಪಾ! ಖರೇನ ಬಂದುಬಿಟ್ರಲೇ!”

ಸೀರೆ ಅಂಗಡಿಯವನು ಮಡಚುತ್ತಿದ್ದ ಕೈ ನಿಲ್ಲಿಸಿದ. ಚಹಾದ ಅಂಗಡಿಯಲ್ಲಿದ್ದವರು ಬಟ್ಟಲು ಹಿಡಿದೇ ಎದ್ದು ಬಂದರು.

“ಕ್ವಾರಿದ್ದಿರಬೇಕ್ರಿ,” ಎಂದಿತು ಯಾರದೋ ತೆಳ್ಳನೆಯ ಧ್ವನಿ.

“ಇಲ್ಲರಿ,” ಸಂಗಯ್ಯನವರು ಉಪನ್ಯಾಸದ ಧಾಟಿಯಲ್ಲೇ ಹೇಳಿದರು. “ಕ್ವಾರಿ ಸದ್ದು ಮ್ಯಾಲಿಂದ ಬರ್ತೈತಿ. ಇದು ಕೆಳಗಿಂದ ಬಂತು.”

“ನಾವ ಕೆಳಗ ಅದೇವಲ್ರಿ ಸರ?”

“ನೀವು ಸುಮ್ಕಿರ್ರಿ. ಎರಡನೇ ಸೈರನ್ ಕೇಳಿದ್ರಿಲ್ಲೋ? ನಮ್ಮ ಕಾರ್ಯಕ್ರಮದಾಗ ಒಂದ ಇತ್ತು. ಎರಡನೇದು ಸರಕಾರದ್ದು.”

“ಆಲಮಟ್ಟಿ ಹೋತು,” ಎಂದ ಹುಲ್ಲಪ್ಪ. “ನನಗ ಮೆಸೇಜ್ ಬಂದಿತ್ತು. ಡ್ಯಾಮ್ ಒಡೀತಂದ್ರ ಬಾಗಲಕೋಟಿ ಮುಳುಗಿ ಹೋಗತೈತಿ.”

“ಹಳೇ ಬಾಗಲಕೋಟಿ ಆಗಲೇ ಮುಳುಗೇತಲ್ರಿ,” ಎಂದಿತು ತೆಳ್ಳನೆಯ ಧ್ವನಿ. “ಆ ಡ್ಯಾಮ್ ಕಟ್ಟಿ ಅದನ್ನ ನಾವ ಮುಳುಗಿಸೇವಿ.”

ಓಣಿ ಈಗ ತುಂಬಿತ್ತು. ನವೀದ ಗಾಬರಿಯಾಗಿ ಮೈಕು ಬಂದ್ ಮಾಡಲು ಕೈಚಾಚಿದ. ಗುಲಾಬಬಿ ಅವನ ಕೈ ಹಿಡಿದಳು.

“ತಡಿಯೋ ಅಪ್ಪಾ. ಇತಿಹಾಸ ಹೇಳಾಕತ್ತಾರ. ಕೇಳೂಣು.”

ಮಹೇಶ್ವರಿ ಅಡುಗೆಮನೆಯ ಗದ್ದಲದಲ್ಲಿ ಇದಾವುದನ್ನೂ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಹೋಳಿಗೆ ಆರುತ್ತಿವೆ, ಗಣ್ಯರು ಮೇಲೆ ಬರುತ್ತಿಲ್ಲ ಎಂಬ ಚಿಂತೆ ಅವಳದು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಿತ್ತಲಿಗೆ ಬಂದು, ಮೆಟ್ಟಿಲು ಇಳಿದು ಕಬ್ಬಿಣದ ಬಾಗಿಲು ತಟ್ಟಿದಳು.

“ರೀ! ಊಟಕ್ಕ ಏಳ್ರಿ!”

ಉತ್ತರ ಬಾಗಿಲಿನ ಆಚೆಯಿಂದ ಬರಲಿಲ್ಲ. ತಲೆಯ ಮೇಲೆ, ಆಕಾಶದಿಂದ ಬಂತು.

“ಯಾರೋ ಬಾಗಲಾ ಬಡ್ಯಾಕತ್ತಾರ!” ಎಂದು ನಾಲ್ಕು ದಿಕ್ಕಿಗೂ ಹುಲ್ಲಪ್ಪ ಕೂಗಿದ. “ತಗೀಬ್ಯಾಡ್ರಿ!”

ಮಹೇಶ್ವರಿ ಒಂದು ಕ್ಷಣ ಮೇಲೆ ನೋಡಿದಳು. ಮತ್ತೆ ಬಾಗಿಲು ತಟ್ಟಿದಳು. “ನಾನ್ರಿ, ಮಹೇಶ್ವರಿ! ಬಾಗಲಾ ತಗೀರಿ!”

“ನಿಮ್ಮ ಮನಿಯವರ ಧ್ವನಿ ಇದ್ದಂಗೈತಿ,” ಎಂದರು ಸಂಗಯ್ಯ.

ಸಂತೋಷಕುಮಾರ ಅವಳಿಂದ ಒಂದು ಬೆರಳು ದಪ್ಪದ ಬಾಗಿಲಿನ ಆಚೆಗೆ ನಿಂತಿದ್ದರು. ಅವರ ಉಸಿರಾಟ ಮಾತ್ರ ಬಸ್ ಸ್ಟ್ಯಾಂಡಿನವರೆಗೂ ಕೇಳಿಸುತ್ತಿತ್ತು.

“ಆಕಿ ಗಟ್ಟಿ ಹೆಣ್ಮಗಳು,” ಎಂದರು ಸಂತೋಷಕುಮಾರ. “ಆಕಿಗೇನೂ ಆಗೂದಿಲ್ಲ. ಈಗ ಬಾಗಲಾ ತಗದ್ರ ಆಕಿ ಹಿಂದ ಓಣಿ ಮಂದಿಯೆಲ್ಲ ನುಗ್ತಾರ. ಗಾಳಿ ನಮಗ ಸಾಲಾಂಗಿಲ್ಲ.”

“ಖರೆ, ಖರೆ,” ಎಂದ ಹುಲ್ಲಪ್ಪ. “ಭಾವನಾದಾಗ ತಪ್ಪು ನಿರ್ಧಾರ ತಗೋಬಾರದು.”

ಮಹೇಶ್ವರಿ ಮೂರನೇ ಸಲ ತಟ್ಟಲಿಲ್ಲ. ಎತ್ತಿದ ಕೈಯನ್ನು ಇಳಿಸಿ, ಬಾಗಿಲ ಮೇಲೆ ಹೊಸದಾಗಿ ಹೊಡೆದ ಹಸಿರು ಬಣ್ಣ ಬೆರಳಿಗೆ ಹತ್ತಿದ್ದನ್ನು ನೋಡಿದಳು. ಸಿಟ್ಟು ಬರಬೇಕಿತ್ತು, ಅದು ಇನ್ನೂ ದೂರದಲ್ಲೆಲ್ಲೋ ಇತ್ತು. ಅಷ್ಟರಲ್ಲಿ ಬೇರೊಂದು ಸಂಗತಿ ಅವಳಿಗೆ ಹೊಳೆಯಿತು. ಗಂಡನ ಮಾತು ಕೇಳಿ ಅವಳಿಗೆ ಆಶ್ಚರ್ಯವೇ ಆಗಿರಲಿಲ್ಲ. ಯಾರಾದರೂ ಮೊದಲೇ ಕೇಳಿದ್ದರೆ ಸಂತೋಷಕುಮಾರ ಇದನ್ನೇ, ಇದೇ ಮಾತಿನಲ್ಲಿ ಹೇಳುತ್ತಾರೆಂದು ಅವಳು ಹೇಳಿಬಿಡುತ್ತಿದ್ದಳು. ಇಷ್ಟು ವರ್ಷ ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಸಂಸಾರ ಮಾಡಿದ್ದೆನಲ್ಲ ಎಂದುಕೊಂಡು ಮೆಟ್ಟಿಲು ಹತ್ತಿದಳು.

ಮೇಲೆ ಬಂದಾಗ ಹಿತ್ತಲ ಬಾಗಿಲಲ್ಲಿ ಓಣಿಯ ಜನ ನಿಂತಿದ್ದರು. ಯಾರೂ ನಗುತ್ತಿರಲಿಲ್ಲ. ಹೆಂಗಸರು ಅವಳ ಮುಖ ನೋಡಿ ನೆಲ ನೋಡಿದರು. ನವೀದ ಎರಡೂ ಕೈ ಜೋಡಿಸಿ, “ಟೀಚರ್, ತಪ್ಪಾತ್ರಿ, ಬಂದ್ ಮಾಡ್ತೇನ್ರಿ,” ಎಂದ.

“ಬ್ಯಾಡ,” ಎಂದಳು ಮಹೇಶ್ವರಿ. “ಇರಲಿ ಬಿಡು. ಇಡೀ ಓಣಿ ಸಲುವಾಗಿ ಕಟ್ಟಿಸಿದ್ದಂತ, ಓಣಿ ಮಂದಿ ಕೇಳಲಿ.”

ಆಮೇಲೆ ಅವಳು ಮೈದಾನದಲ್ಲಿ ನಿಂತಾಗಿನ ಧ್ವನಿ ತೆಗೆದಳು.

“ಯಾರೂ ಹೋಗಬ್ಯಾಡ್ರಿ! ಅಡಗಿ ಆಗೇತಿ. ಎಲ್ಲಾರೂ ಅಂಗಳದಾಗ ಕುಂದರ್ರಿ. ಗುಲಾಬ ಚಾಚಿ, ನೀವು ಮೊದಲನೇ ಪಂಕ್ತಿ.”

ಗಣ್ಯರಿಗೆಂದು ಹಾಸಿದ್ದ ಚಾಪೆಗಳ ಮೇಲೆ ಓಣಿ ಕುಳಿತಿತು. ಜೋಳದ ರೊಟ್ಟಿ ಬಂತು, ಎಣ್ಣೆಗಾಯಿ ಬಂತು, ಮಡಕಿ ಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಬಂತು. ಹೋಳಿಗೆಯ ಮೇಲೆ ತುಪ್ಪ ಬಿತ್ತು. ಚಹಾದ ಅಂಗಡಿಯವನು, ಸೀರೆ ಅಂಗಡಿಯ ಗಿರಾಕಿಗಳು, ಹುನಗುಂದಕ್ಕೆ ಹೊರಟು ಬಸ್ಸು ತಪ್ಪಿಸಿಕೊಂಡ ಇಬ್ಬರು ಎಲ್ಲರೂ ಸಾಲಿನಲ್ಲಿದ್ದರು. ಮೊದಮೊದಲು ಸಂಕೋಚದಿಂದ ತುತ್ತು ಮುರಿಯುತ್ತಿದ್ದವರು, ಹಾರ್ನಿನಿಂದ ಬರುತ್ತಿದ್ದ ಮಾತುಗಳಿಗೆ ನಗು ತಡೆಯಲಾರದೆ ಹೋದರು.

ಏಕೆಂದರೆ ನೆಲದೊಳಗೆ ಯುದ್ಧ ಜೋರಾಗಿ ನಡೆದಿತ್ತು.

ಮೊದಲು ಬೆಂಚಿನ ಪ್ರಶ್ನೆ ಬಂತು. ಮೂಲೆಯೇ ಹೆಚ್ಚು ಸುರಕ್ಷಿತ ಎಂದು ಸಂಗಯ್ಯನವರು ಹೇಳಿದ್ದೇ ತಡ, ನಾಲ್ಕು ಮೂಲೆಗೆ ಹದಿನೈದು ಜನರ ಅರ್ಜಿ ಬಿತ್ತು. ತಾನು ಮಾಜಿಯಾದರೂ ಅಧ್ಯಕ್ಷನೇ, ಅಧ್ಯಕ್ಷರಿಗೆ ಮೂಲೆ ಇರಬೇಕೆಂದು ಹುಲ್ಲಪ್ಪ. ಖೋಲಿ ತನ್ನ ಮುತ್ಯಾನದು ಎಂದು ಸಂತೋಷಕುಮಾರ.

“ಅಲ್ರಿ, ಓಣಿ ಮಂದೀದು ಅಂತ ಕಲ್ಲಿನ ಮ್ಯಾಲ ಬರದೈತಲ್ರಿ?” ಎಂದಿತು ತೆಳ್ಳನೆಯ ಧ್ವನಿ.

“ಅದು ಬರದದ್ದು ನಾನು!” ಸಂಗಯ್ಯನವರ ತಾಳ್ಮೆ ಕಡಿಯಿತು. “ಸಂತೋಷಕುಮಾರ ಹೆಂಗ ಹೇಳಿದ್ರು ಹಂಗ ಬರದೆ. ಬಡವರ ಸಲುವಾಗಿ ಅಂತ ಬರೀರಿ ಸರ್, ಪ್ರವಾಸಿಗರಿಗಿ ಸೇರತೈತಿ ಅಂದ್ರು. ಆಧಾರ ಏನೈತ್ರಿ ಅಂದ್ರ ಫೋಟೋದಾಗ ನಮ್ಮ ಮುತ್ಯಾನ ಮಾರಿ ನೋಡ್ರಿ ಅಂದ್ರು. ಆ ಫೋಟೋದಾಗ ಮಾರೀನ ಕಾಣಸೂದಿಲ್ಲ, ಬರೇ ತಲಿಗಿ ಸುತ್ತಿದ ಪಟಗಾ ಐತಿ!”

ಅಂಗಳದಲ್ಲಿ ಗುಲಾಬಬಿಗೆ ಹೋಳಿಗೆ ನೆತ್ತಿಗೇರಿ ನೀರು ಕುಡಿಸಬೇಕಾಯಿತು.

ಹುಲ್ಲಪ್ಪ ಅಷ್ಟರಲ್ಲಿ ದೇವರ ಜೊತೆ ವ್ಯವಹಾರಕ್ಕೆ ಇಳಿದಿದ್ದ. ತನ್ನನ್ನು ಉಳಿಸಿದರೆ ಬೀರಪ್ಪನಿಗೆ ಹೊಸ ಕಂಬಳಿ. ಸದ್ದಿಲ್ಲ. ಕಂಬಳಿಯ ಜೊತೆ ಬೆಳ್ಳಿಯ ಕಣ್ಣು. ಅಷ್ಟರಲ್ಲಿ ಕ್ವಾರಿಯಲ್ಲಿ ಎರಡನೇ ಮದ್ದು ಹಾರಿತು, ನೆಲ ಮತ್ತೆ ನಡುಗಿತು.

“ಯಪ್ಪಾ, ಬಸ್ ಸ್ಟ್ಯಾಂಡ್ ಹಿಂದಿನ ಜಾಗಾ ಬಿಟ್ಟುಬಿಡ್ತೇನಪ್ಪಾ! ಅದು ಊರ ಗಾರ್ಡನ್ ಜಾಗಾ, ನನಗ ಗೊತ್ತೈತಿ! ಬೇಲಿ ಹಾಕಿದ್ದು ನಾನ!”

ಅಂಗಳದಲ್ಲಿ ರೊಟ್ಟಿ ಮುರಿಯುವ ಕೈಗಳೆಲ್ಲ ನಿಂತವು. ಆ ಜಾಗಕ್ಕಾಗಿ ಓಣಿಯವರು ಎಷ್ಟೋ ಸಲ ಅಲೆದಾಡಿ, ಅದು ಯಾರದೆಂಬುದೇ ತಿಳಿಯದು ಎಂಬ ಉತ್ತರ ಪಡೆದು ಬಂದಿದ್ದರು. ಮೂರ್ನಾಲ್ಕು ಜನ ಫೋನು ತೆಗೆದು ಹಾರ್ನಿನತ್ತ ಹಿಡಿದರು.

“ದೇವರ ಮುಂದ ಹೇಳಿದ್ದು, ಯಾರೂ ಹೊರಗ ಬಾಯಿ ಬಿಡಬಾರದು,” ಎಂದು ಹುಲ್ಲಪ್ಪ ಇಡೀ ಊರಿಗೆ ತಾಕೀತು ಮಾಡಿದ.

ಊಟ ಮುಗಿದು ಜನ ಕೈತೊಳೆಯಲು ಏಳುವ ಹೊತ್ತಿಗೆ ಕೆಳಗಿನವರ ದನಿ ಕುಗ್ಗಿತ್ತು. ತುಪ್ಪದ ವಾಸನೆ ಕೊಳವೆಯೊಳಗಿಂದ ಇಳಿಯುತ್ತಿರುವುದನ್ನು ಯಾರೋ ಗಮನಿಸಿದ್ದರು. ಸಾಯುವ ಮೊದಲು ಹೀಗೆ ವಾಸನೆ ಬರುವುದುಂಟು ಎಂದು ಸಂಗಯ್ಯನವರು ಆಗ ತಾನೇ ವಿವರಿಸುತ್ತಿದ್ದರು.

ಮಹೇಶ್ವರಿ ಕೊಳವೆಯ ಹತ್ತಿರ ಬಂದು ಬಗ್ಗಿದಳು. ಕೂಗಲಿಲ್ಲ, ಅಡುಗೆಮನೆಯಿಂದ ಹೇಳುವಷ್ಟೇ ಸಹಜವಾಗಿ ಹೇಳಿದಳು.

“ಯುದ್ಧ ಮುಗದೈತಿ, ಬರ್ರಿ. ಊಟಾನೂ ಮುಗದೈತಿ.”

ಅಗಳಿ ಸರಿದ ಸದ್ದನ್ನೂ ಹಾರ್ನು ಪೇಟೆಗೆ ಕೇಳಿಸಿತು. ಮೊದಲು ಸಂತೋಷಕುಮಾರರ ತಲೆ ಕಂಡಿತು. ಹೂಮಾಲೆ ಒಂದು ಕಿವಿಗೆ ಸಿಕ್ಕಿಕೊಂಡಿತ್ತು. ಅವರು ಆಕಾಶ ನೋಡಿದರು, ಮಾಳಿಗೆ ನೋಡಿದರು, ವಾಡೆ ನಿಂತಿರುವುದನ್ನು ನೋಡಿದರು. ಆಮೇಲೆ ಅಂಗಳದ ತುಂಬ ಕೈತೊಳೆಯುತ್ತಿದ್ದ ಜನರನ್ನು ನೋಡಿದರು. ಹಿಂದೆಯೇ ಬಂದ ಹುಲ್ಲಪ್ಪ, “ಎಲ್ಲಾ ಉಳಕೊಂಡಾರಲ್ಲ!” ಎಂದದ್ದು ಸಂತೋಷಕ್ಕೋ ನಿರಾಸೆಗೋ ತಿಳಿಯಲಿಲ್ಲ.

“ನಮಸ್ಕಾರ್ರಿ ಅಧ್ಯಕ್ಷರ,” ಎಂದ ಚಹಾದ ಅಂಗಡಿಯವನು. “ಗಾರ್ಡನ್ ಬೇಲಿ ಯಾವಾಗ ಕೀಳೂಣ್ರಿ? ನಾಳೆ ಬರ್ತೇವಿ.”

ಹುಲ್ಲಪ್ಪ ನವೀದನನ್ನು ನೋಡಿದ, ವೈರು ನೋಡಿದ, ವೈರಿನ ತುದಿಗಿದ್ದ ಹಾರ್ನು ನೋಡಿದ. ಮತ್ತೆ ನೆಲದೊಳಗೆ ಹೋಗುವವನಂತೆ ಒಂದು ಮೆಟ್ಟಿಲು ಹಿಂದಕ್ಕಿಳಿದ.

ಸಂಜೆಯ ಹೊತ್ತಿಗೆ ಸಂತೋಷಕುಮಾರ ಚೇತರಿಸಿಕೊಂಡಿದ್ದರು. ನಡೆದದ್ದೆಲ್ಲ ಮೊದಲೇ ಯೋಜಿಸಿದ್ದ ಅಣಕು ಕಾರ್ಯಾಚರಣೆ, ಸಹಜವಾಗಿ ಬರಲೆಂದು ಯಾರಿಗೂ ತಿಳಿಸಿರಲಿಲ್ಲ ಎಂದು ಫೋನಿನಲ್ಲಿ ಎಲ್ಲರಿಗೂ ಹೇಳಿದರು. ಒಬ್ಬಿಬ್ಬರು ನಂಬಿದರು. ಒಂದು ಸಂಘದವರು ಸನ್ಮಾನಕ್ಕೂ ಕರೆದರು. ಆ ಧೈರ್ಯದಲ್ಲಿ ಅವರು ಹೆಂಡತಿ ಕುಳಿತಿದ್ದ ಪಡಸಾಲೆಗೆ ಬಂದರು.

“ನೀ ಮನಸ್ಸಿಗಿ ಹಚ್ಚಿಕೋಬ್ಯಾಡ. ಅದು ನಾಟಕ ಇತ್ತು.”

“ಛಲೋ ಮಾಡಿದ್ರಿ,” ಎಂದಳು ಮಹೇಶ್ವರಿ. “ಒಂದ ಮಾತು ಖರೆ ಹೇಳ್ರಿ. ನನ್ನ ಧ್ವನಿ ಗುರ್ತು ಸಿಕ್ಕಿತ್ತೋ ಇಲ್ಲೋ?”

ಸಂತೋಷಕುಮಾರ ಬಾಯಿ ತೆರೆದರು. ಹೇಳಬಹುದಾದ ಸುಳ್ಳುಗಳು ಬಹಳ ಇದ್ದವು, ಒಂದೂ ನಾಲಿಗೆಗೆ ಬರಲಿಲ್ಲ. ಅವರ ಜೀವನದಲ್ಲಿ ಇದು ಅಪರೂಪ.

“ಸಿಕ್ಕಿತ್ತು,” ಎಂದರು. “ಹೆದರಿಕಿ ಬಂದಿತ್ತು.”

“ಹೆದರಿದ್ದಕ್ಕ ನನಗ ಬ್ಯಾಸರಿಲ್ಲ. ಯಾರಿಗೂ ಬರತೈತಿ. ಆಕಿ ಗಟ್ಟಿ ಅಂದ್ರಿ ನೋಡ್ರಿ, ಅದಕ್ಕ ಬ್ಯಾಸರ. ಬಾಗಲಾ ತಗಿಯೂದಿಲ್ಲ ಅಂತ ನೆಟ್ಟಗ ಅಂದಿದ್ರ ಹೊಟ್ಟಿಗಿ ಹಾಕೊಂತಿದ್ದೆ. ನನ್ನ ಗಟ್ಟಿತನದ್ದ ಅಗಳಿ ಮಾಡಿ ನನಗ ಹಾಕಿದ್ರಿ.”

ಮರುದಿನ ಬೆಳಿಗ್ಗೆ ಸಿಲಿಂಡರ್ ಖಾಲಿಯಾದಾಗ ಮಹೇಶ್ವರಿ ಎದ್ದೇಳಲಿಲ್ಲ. ಸಂತೋಷಕುಮಾರ ಹೊಸದನ್ನು ಬಾಗಿಲಿನಿಂದ ಒಲೆಯವರೆಗೆ ಉರುಳಿಸಿಕೊಂಡು ಬಂದರು, ನಡುವೆ ಎರಡು ಸಲ ಅದರ ಮೇಲೇ ಕುಳಿತು ದಣಿವಾರಿಸಿಕೊಂಡರು. ಅಂದಿನಿಂದ ಆ ಮನೆಯಲ್ಲಿ ಅವಳು ಭಾರವೆನಿಸಿದ್ದನ್ನು ಭಾರ ಎಂದೇ ಹೇಳತೊಡಗಿದಳು.

ಹುಲ್ಲಪ್ಪನ ಬೇಲಿಯನ್ನು ಜನ ಅದೇ ವಾರ ಕಿತ್ತರು. ಅವನು ಅಡ್ಡ ಬಂದು, ದೇವರಿಗೆ ಕೊಟ್ಟ ಮಾತು ದೇವರೇ ಕೇಳಬೇಕು, ನೀವ್ಯಾರು ಎಂದ. ಅವರು ಫೋನಿನಲ್ಲಿದ್ದ ಅವನ ಧ್ವನಿಯನ್ನು ಅವನಿಗೇ ಕೇಳಿಸಿದರು. ಸಂಗಯ್ಯನವರು ಈಗ ಹುನಗುಂದ ಕಡೆಯ ಒಂದು ಹಳ್ಳಿಗೆ ಇತಿಹಾಸ ಬರೆದುಕೊಡುತ್ತಿದ್ದಾರೆ.

ಖೋಲಿಗೆ ಮಾತ್ರ ಜನ ಬರತೊಡಗಿದರು. ಸಂತೋಷಕುಮಾರ ಬಯಸಿದ್ದ ಪ್ರವಾಸಿಗರೇ, ಐಹೊಳೆಗೆ ಹೋಗುವ ದಾರಿಯಲ್ಲಿ ಇಳಿದು ವಿಳಾಸ ಕೇಳಿಕೊಂಡು ಬರುತ್ತಾರೆ. ಅವರು ಫಲಕ ಓದುವುದಿಲ್ಲ. ಆ ದಿನದ ಕತೆಯನ್ನು ಎಲ್ಲೋ ಕೇಳಿರುತ್ತಾರೆ. ಉಳಿದದ್ದನ್ನು ಗುಲಾಬಬಿ ಕಟ್ಟೆಯ ಮೇಲೆ ಕುಳಿತು, ಜಪಾನಿನವನ ಎಣ್ಣೆಯಿಂದ ಹಿಡಿದು, ದಿನಕ್ಕೊಂದು ಚಿಟಿಕೆ ಉಪ್ಪು ಹೆಚ್ಚು ಹಾಕಿ ಹೇಳುತ್ತಾಳೆ. ಹೆಂಗಸರು ಗಂಡಂದಿರನ್ನು ಒಳಗೆ ಕಳಿಸಿ, ಅಗಳಿ ಹಾಕಿಸಿ, ಹೊರಗೆ ನಿಂತು ಬಾಗಿಲು ಬಡಿಯುತ್ತಾರೆ. ಗಂಡಂದಿರು ಬಡಿದ ಕೂಡಲೇ ತೆಗೆದು, ಬಹುಮಾನ ಗೆದ್ದವರಂತೆ ಮೇಲೆ ಬರುತ್ತಾರೆ.

ಕಳೆದ ತಿಂಗಳು ಬಾದಾಮಿಯಿಂದ ಬಂದಿದ್ದ ಒಬ್ಬನು ಮಾತ್ರ, ಹೆಂಡತಿ ಬಡಿದಾಗ, “ನೀ ಒಬ್ಬಾಕೀನ ಇದ್ದೀಯೋ, ನಿಮ್ಮವ್ವನೂ ಅದಾಳೋ?” ಎಂದು ಕೇಳಿದನಂತೆ. ಆಕೆ ಮತ್ತೆ ಬಡಿಯದೆ, ಬಸ್ ಸ್ಟ್ಯಾಂಡಿಗೆ ಬಂದು, ಒಂದೇ ಟಿಕೀಟು ತೆಗೆಸಿ ಊರಿಗೆ ಹೋದಳು. ಅವನು ಬಹಳ ಹೊತ್ತಿನ ಮೇಲೆ ತಾನಾಗಿಯೇ ಬಾಗಿಲು ತೆಗೆದು ಬಂದಾಗ, ಕಟ್ಟೆಯ ಮೇಲಿದ್ದ ಮಹೇಶ್ವರಿ ಅವನಿಗೆ ಬಾದಾಮಿಯ ಬಸ್ಸು ಎಲ್ಲಿ ನಿಲ್ಲುತ್ತದೆಂದು ತೋರಿಸಿದಳು.